ಅವ್ವನೆದುರು ಅವ್ವನಿಗಾಗಿ ಅತ್ತದ್ದು

ವಾಸ್ಕೊ, 14 ಜೂನ್ 2009, ಭಾನುವಾರ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಂದು ನಮ್ಮ ಮನೆಯ ಅನ್ನ ತಳ ಹಿಡಿಯಿತು. ಕಾರಣ, ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತು ಅಳುತ್ತಿದ್ದೆವು.

ಮಗಳು ಕೀರ್ತಿಗೆ ಪಣಜಿಯಲ್ಲಿ ನಾಟಕದ ಪದವಿ ಓದಬೇಕಂತೆ. ಸೇರಲು ನಾಳೆಯೇ ಕೊನೆಯ ದಿನ. ನನ್ನವ್ವ ನೀಲವ್ವ ಒಪ್ಪದೆ ಈ ಮನೆಯಲ್ಲಿ ಫ್ಯಾನೂ ತಿರುಗುವುದಿಲ್ಲ.

“ಅದನ್ನ ಕಲ್ತು ಏನ್ ಆಗ್ತಿ?” ಅವ್ವ ಮೊಮ್ಮಗಳನ್ನು ಕೇಳಿದಳು.

“ಸಾಲ್ಯಾಗ ನಾಟಕ ಕಲಸ್ತೇನಿ ಆಯಿ. ಇಲ್ಲಾಂದ್ರ ಇಲ್ಲಿ ಕೊಂಕಣಿ ಮಂದಿ ಆಡೂ ತಿಯಾತ್ರ ನಾಟಕದಾಗ ಪಾರ್ಟು ಮಾಡ್ತೇನಿ.”

“ನಿನಗೇನ್ ಬರ್ತೈತಿ? ತೋರ್ಸು.”

ಸತ್ತವರ ಗುಣವನ್ನೆಲ್ಲ ಹಾಡಿಕೊಂಡು ಅಳುವುದು ನಮ್ಮ ಕಡೆಯ ಹೆಂಗಸರ ಪದ್ಧತಿ. ಕೀರ್ತಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು, ಎದುರಿಗೇ ಕೂತಿದ್ದ ಅಜ್ಜಿಗಾಗಿ ಹಾಗೆ ಅಳತೊಡಗಿದಳು. “ಸೊಸಿ ಕಣ್ಣಿಗೆ ಬೀಳ್ದಂಗ ನನಗ ಬೆಣ್ಣಿ ಕೊಟ್ಟ ಕೈಯೇ, ಎಲ್ಲಿ ಹೋದಿ ನನ್ನಾಯಿ...” ಈ ಸಾಲಿಗೆ ಹೆಂಡತಿ ಸುಮಿತ್ರಾ ಮಾತ್ರ ಅಳು ನಿಲ್ಲಿಸಿದಳು.

ಅವ್ವ ಕಣ್ಣೊರೆಸಿಕೊಂಡು ತಿದ್ದಿದಳು: “ಎದಿ ಬಡ್ಕೊಳ್ಳೂದು ಆಮ್ಯಾಲೆ. ಮೊದಲ ದನಿ ಇಳಸು.” ನಂತರ ನನ್ನ ಕಡೆ ತಿರುಗಿ, “ಕಳಸು ಇಕೀನ್ನ. ನೀನಂತೂ ನನಗ ಸರಿಯಾಗಿ ಅಳೂ ಮಗ ಅಲ್ಲ” ಎಂದಳು.

ಅಲ್ಲವೇನು? ಆಗಿನಿಂದ ಎರಡು ಕರವಸ್ತ್ರ ಒದ್ದೆ ಮಾಡಿಕೊಂಡು ಕೂತಿದ್ದೇನೆ.

ಈ ದಿನಚರಿಯನ್ನು ಕದ್ದು ಓದುವ ಸುಮಿತ್ರಾಳಲ್ಲಿ ವಿನಂತಿ: ಬೆಳಿಗ್ಗೆ ಮೊದಲ ಬಸ್ಸಿಗೆ ಮಗಳೊಡನೆ ಹೊರಡಬೇಕು, ನನ್ನ ಬಿಳಿ ಅಂಗಿಗೆ ಗುಂಡಿ ಹಚ್ಚಿಡು.