ಸೋಲೋದನ್ನ ಕಲಿಸೋ ಪುಸ್ತಕ

ಹೂವಿನಹಡಗಲಿ
ಸೋಮವಾರ, 9-3-1998

ಕೊಟ್ಟೂರು ಲೈಬ್ರರಿಯಾಗ ಕೆಲಸ ಮಾಡೋ ನಮ್ಮಣ್ಣ ಕೊಟ್ರಸ್ವಾಮಿಗೆ ತಂಗಿ ನಾಗಲಿಂಗಮ್ಮ ಮಾಡೋ ನಮಸ್ಕಾರ.

ನೀನು ಆರಿಸಿ ಕಳಿಸಿದ ಚದುರಂಗದ ಪುಸ್ತಕ ಓದಿ ನಮ್ಮನಿಯವರು ಈಗ ಹೂವಿನ ಮಂಡಿ ಧಣಿಯನ್ನ ದಿನಾ ಸೋಲಿಸ್ತಾರ. ಎಲ್ಲರೂ ಹೊಗಳ್ತಾರ, ನನಗ ಮಾತ್ರ ಊಟ ಸೇರವಲ್ದು. ಹೋದ ವರ್ಷ ಧಣಿಯನ್ನ ಸೋಲಿಸಿದ ಬೊಮ್ಮಪ್ಪನ ಮಲ್ಲಿಗಿ ಗಿಡ ಅಷ್ಟೂ ಬೇರುಸಮೇತ ಕಿತ್ತು ಬಿದ್ದಿದ್ವು. ಕಿತ್ತವರು ಯಾರಂತ ಯಾರೂ ಕೇಳಲಿಲ್ಲ.

ಬೇಕಂತಲೇ ಸೋಲ್ರಿ ಅಂತ ಇವರ ಕಾಲು ಹಿಡದೆ. ಇವರು ನಿನ್ನೆ ಮಂತ್ರಿಯನ್ನ ಸುಮ್ಮನ ಬಿಟ್ಟುಕೊಟ್ಟರು. ಧಣಿ ಕಾಯಿ ಎಲ್ಲಾ ಹೂವಿನ ಬುಟ್ಟಿಗೆ ಸುರುವಿ, ಇವರಿಗೆ "ನನಗ ಭಿಕ್ಷಾ ಹಾಕ್ತೀಯೇನಲೇ ಬೆನಕ್ಯಾ? ಅದ್ಯಾವ ಪುಸ್ತಕ ಓದ್ತೀಯೋ, ಗುರುವಾರ ತಗಂಡು ಬಾ. ಹೊಳಿ ದಂಡಿ ತೋಟದಾಗ ನಾವಿಬ್ಬರೇ ಆಡೋಣು" ಅಂದನಂತ. ಇವರು ಅದನ್ನ ಮರ್ಯಾದಿ ಅಂತ ತಿಳಕೊಂಡು ಅಂಗಿ ಇಸ್ತ್ರಿ ಮಾಡಿಸ್ಯಾರ.

ಅದಕ್ಕ ಅಣ್ಣ, ಚಲೋ ಆಡಿ ಕಡೀಕ ಎದುರಿನವನಿಗೆ ಗೊತ್ತಾಗದಂಗ ಸೋಲೋದನ್ನ ಕಲಿಸೋ ಪುಸ್ತಕ ಐತೇನು ನೋಡು. ಕನ್ನಡದ್ದಿರಲಿ, ಅಕ್ಷರ ದೊಡ್ಡವಿರಲಿ. ಸೋಲೋ ಪುಸ್ತಕ ಇವರು ತಾವಾಗಿ ಓದಂಗಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ಆದ್ರೂ ಕೂಡಿಸಿ ಕೂಡಿಸಿ ಓದಿ ಇವರಿಗೆ ಹೇಳ್ತೀನಿ. ಈ ಪತ್ರ ತಂದ ಕಂಡಕ್ಟರ್ ಕೈಯಾಗನೇ ಬುಧವಾರದ ಬಸ್ಸಿಗೆ ಕಳಿಸು.

ಅಂಥದ್ದು ಇಲ್ಲಂದ್ರ ಬೇರೆ ಯಾವ ಪುಸ್ತಕಾನೂ ಕಳಿಸಬ್ಯಾಡ. ಅದೇ ಬಸ್ಸಿಗೆ ನೀನೇ ಬಾ. ಇವರ ಜೊತಿ ಹೊಳಿ ದಂಡಿಗೆ ಹೋಗ್ರಿ ಅಂತ ಮೂರು ಮನಿಗೆ ಹೋಗಿ ಕೇಳಿದೆ. ಮೂವರೂ ಗುರುವಾರ ಊರಾಗ ಇರಂಗಿಲ್ಲ ಅಂದ್ರು.

ಇಂತಿ ನಿನ್ನ ತಂಗಿ,
ನಾಗಲಿಂಗಮ್ಮ