ಇಂಟರ್ನೆಟ್ಟಿನ ಶುಕ್ರ

ಮೇ ೨೮, ೨೦೦೪. ಸಂಜೆ

ಇವತ್ತೂ ಸೈಬರ್‌ಗೆ ಹೋಗಿದ್ದೆ. ಗೆಳತಿ ತಬಸ್ಸುಮ್‌ಳ ಅಣ್ಣನದು, ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡ್ ಹಿಂದೆ. ಯಾವುದೋ ಪರದೇಶದ ಕಾಲೇಜಿನ ಖಗೋಳದ ಪಾಠ — ಹೊಸದಾಗಿ ಕಲಿಯುವವರಿಗಂತೆ, ಯಾರು ಬೇಕಾದರೂ ಓದಬಹುದು. ಜೂನ್ ಎಂಟಕ್ಕೆ ಶುಕ್ರ ಸೂರ್ಯನ ಎದುರು ಹಾದುಹೋಗುತ್ತಾನೆ, ಹಗಲಲ್ಲೇ ನೋಡಬಹುದು ಅಂತಿತ್ತು. ಚಿತ್ರ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಅರ್ಧಕ್ಕೆ ಕರೆಂಟ್ ಹೋಯಿತು.

ಮನೆಗೆ ಬಂದರೆ ಹರಪನಹಳ್ಳಿಯವರು ಬಂದು ಹೋಗಿದ್ದರು. ಹುಡುಗ ಒಪ್ಪಿದ್ದಾನೆ. ಆಷಾಢ ಬರುವುದರೊಳಗೇ ಮದುವೆ ಆಗಬೇಕಂತೆ. ನನ್ನ ಬಿ.ಎಸ್ಸಿ.? ಹೊಸಪೇಟೆ ಕಾಲೇಜಿನ ಅರ್ಜಿ ತಂದಿಟ್ಟಿದ್ದೇನೆ.

"ಅವ್ರ ಮನ್ಯಾಗ ಕೇಳಿ ಓದಿದ್ರಾತು ಬಿಡು" ಅಂದಳು ಅವ್ವ.

ಯಾರು ಓದಿಸುತ್ತಾರೆ?

ಮೇ ೩೧

ಹೋದ ಜೀವ ಬಂತು. ನಮ್ಮ ಅಯ್ಯನೋರು ವೀರಭದ್ರಯ್ಯ ಪಂಚಾಂಗ ತೆಗೆದು ಅಪ್ಪನಿಗೆ, "ಶುಕ್ರಾಸ್ತ ಬಂತಲ್ರಿ ಪಂಚಾಕ್ಷರಪ್ಪ. ಶುಕ್ರ ಸೂರ್ಯನ ಹತ್ರ ಹೋಗಿ ಕಾಣದಂಗ ಆದಾಗ ಲಗ್ನ ಮಾಡಂಗಿಲ್ಲ" ಎಂದರು. ಅವನು ಮತ್ತೆ ಕಾಣುವಷ್ಟರಲ್ಲಿ ಅಮಾವಾಸ್ಯೆ, ಆಷಾಢ, ಅದರ ಬೆನ್ನಿಗೇ ಅಧಿಕ ಮಾಸ. ಅಷ್ಟರಲ್ಲಿ ನಾನು ಕಾಲೇಜು ಸೇರಿರುತ್ತೇನೆ. ಶುಕ್ರನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಜೂನ್ ೨

ಹರಪನಹಳ್ಳಿಯವರ ಪಂಚಾಂಗದಲ್ಲಿ ಅಸ್ತದ ಲೆಕ್ಕ ಬೇರೆಯಂತೆ, ಲಗ್ನ ಮಾಡಬಹುದಂತೆ. ಹುಡುಗನ ಸೋದರಮಾವ ಉಜ್ಜಿನಪ್ಪ ಮಾತಾಡಲು ನಾಳೆ ಬರುತ್ತಾರೆ. ಅಪ್ಪ ತಲೆ ಕೆರೆದುಕೊಂಡ.

"ಅರ್ಚನಾ, ನಿನ್ನ ಇಂಟರ್ನೆಟ್ನ್ಯಾಗ ಶುಕ್ರಂದು ಇರತೈತಲ್ಲ, ತಗೊಂಡು ಬಾ. ಅದು ಹೇಳಿದಂಗ ಆಗ್ಲಿ."

ಒಳಗೊಳಗೇ ಕುಣಿದೆ. ಅದೇ ಪಾಠದಲ್ಲಿ ತಿಂಗಳ ಪಟ್ಟಿ ಸಿಕ್ಕಿತು — ಸೂರ್ಯನಿಂದ ಶುಕ್ರ ಎಷ್ಟು ದೂರ ಅಂತ. ಎಂಟಕ್ಕೆ ಹೆಚ್ಚುಕಡಿಮೆ ಸೊನ್ನೆ. ಪ್ರಿಂಟ್ ತೆಗೆಸಿದೆ.

ಜೂನ್ ೩

ನಾನೇ ತಂದುಕೊಟ್ಟೆ. ನಾನೇ.

ಉಜ್ಜಿನಪ್ಪ ದೂರದ ಲೆಕ್ಕ ನೋಡಲೇ ಇಲ್ಲ. ಪಕ್ಕದಲ್ಲಿ 'ರೈಸ್' ಅಂತ ಇತ್ತು. ಪ್ರತಿ ತಾರೀಖಿಗೂ ಒಂದು ಟೈಮು. ಅದರ ಮೇಲೆ ಬೆರಳಿಟ್ಟರು.

"ರೈಸ್ ಅಂದ್ರ ಉದಯ ಹೌದಲ್ಲಮ್ಮ?"

"ಹೌದ್ರಿ, ಆದ್ರ ಅದು ದಿನಾ ಮೂಡೋದು. ಪಂಚಾಂಗದ ಉದಯ ಬ್ಯಾರೆ —"

"ದಿನಾ ಮೂಡಾಕತ್ಯಾನ. ಮತ್ತ ಅಸ್ತ ಎಲ್ಲೈತ್ರಿ ಅಯ್ಯನೋರ?"

ಅಯ್ಯನೋರು ಹಾಳೆ ತಿರುವಿ ನೋಡಿದರು. ಇಂಗ್ಲಿಷ್ ಬಾರದು. "ಕಂಪ್ಯೂಟರ್ ಹೇಳಿದ ಮ್ಯಾಲ ನಂದೇನೈತ್ರಿ" ಎಂದು ಪಂಚಾಂಗ ಮುಚ್ಚಿದರು. ಅಪ್ಪ ಆಡಿದ ಮಾತಿಗೆ ಕಟ್ಟುಬಿದ್ದ. ಹನ್ನೊಂದಕ್ಕೆ ಮದುವೆ.

ಅವ್ವನ ಮುಂದೆ ಅತ್ತುಬಿಟ್ಟೆ. "ನೀನ ತಂದಿಯಲ್ಲವಾ" ಅಂದಳು. ಬೈಯಲೂ ಇಲ್ಲ.

ಜೂನ್ ೭

ಬಳೆ ಇಡಿಸಿದರು. ಕೈ ಎತ್ತಿದರೆ ಸದ್ದು, ಬರೆದರೆ ಸದ್ದು.

ಒಂದೇ ದಾರಿ ಉಳಿದಿದೆ. ನಾಳೆ ಶುಕ್ರ ಸೂರ್ಯನ ಮೇಲೇ ಇರುತ್ತಾನೆ. ಅಪ್ಪನ ಕಣ್ಣಿಗೇ ತೋರಿಸಬೇಕು. ಇಷ್ಟು ಹತ್ತಿರ ಹೋದವನು ಅಸ್ತವಾಗದೆ ಇನ್ನೇನು? ತಬಸ್ಸುಮ್ ಅವರಪ್ಪನ ವೆಲ್ಡಿಂಗ್ ಶಾಪಿನಿಂದ ಕರಿ ಗಾಜು ತಂದುಕೊಟ್ಟಳು. ಹದಿನಾಲ್ಕನೇ ನಂಬರಿನದೇ ಆಗಬೇಕು, ಇಲ್ಲದಿದ್ದರೆ ಕಣ್ಣಿಗೆ ಅಪಾಯ ಅಂತ ಪಾಠದಲ್ಲಿತ್ತು. ಅದೇ ಸಿಕ್ಕಿದೆ.

ಮೋಡ ಕವಿದರೆ? ಅಪ್ಪ ಬರದಿದ್ದರೆ?

ಜೂನ್ ೮. ಮಧ್ಯಾಹ್ನ

ಮೋಡ ಸರಿಯಿತು. ಅಪ್ಪನ ಕೈ ಹಿಡಿದು ಮಾಳಿಗೆಗೆ ಕರೆದುಕೊಂಡು ಹೋದೆ. ಗಾಜು ಹಿಡಿದು ಬಹಳ ಹೊತ್ತು ನೋಡಿದ.

"ಕರೆ ಚುಕ್ಕಿ ಐತಿ. ಎಳ್ಳಿನಷ್ಟು."

"ಅವನ ಶುಕ್ರ, ಅಪ್ಪಾ. ಸೂರ್ಯನ ಮುಂದ ಬಂದಾನ. ಈಗರ ನಂಬ್ತೀಯಿಲ್ಲೋ?"

ಅಪ್ಪ ಗಾಜು ಇಳಿಸಿದ. ಕಣ್ಣಲ್ಲಿ ನೀರು. ನನ್ನ ತಲೆ ಮೇಲೆ ಕೈ ಇಟ್ಟ.

"ನಂಬಿದೆ ಮಗಳ. ಅಯ್ಯನೋರ ಮಾತು ಮೀರಿದೆ, ನಿನಗೇನರ ಆದೀತು ಅಂತ ನಿದ್ದಿ ಇದ್ದಿಲ್ಲ ನನಗ. ಅಸ್ತ ಅಂದ್ರ ಕಾಣಬಾರದು. ಇವ ನೋಡು, ನಡು ಹಗಲಾಗ ಕಾಣಾಕತ್ಯಾನ."

ಈಗ ಕೆಳಗೆ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಾನೆ — ನನ್ನ ಮಗಳು ತೋರಿಸಿದಳು ಅಂತ. ಇಷ್ಟು ದಿನದಲ್ಲಿ ಅಪ್ಪ ನಕ್ಕದ್ದು ಇವತ್ತೇ. ಅವ್ವ ಅರಿಶಿಣಕ್ಕೆ ಕರೆಯುತ್ತಿದ್ದಾಳೆ. ಇನ್ನೊಮ್ಮೆ ಹೇಳಿ ನೋಡಲೇ, ಅಪ್ಪಾ, ಕಾಣುವುದು ಬೇರೆ, ಅಸ್ತ ಬೇರೆ —