ಹುಡುಕಿದರೂ ಸಿಗದ ಅಂಗಡಿ

ಅಂಗಡಿಯಿಂದ,
ಬುಧವಾರ ಮಧ್ಯಾಹ್ನ

ರೀ,

ನಾನು ಕ್ಷೇಮ. ನೀವು ನಿಮ್ಮ ಅಣ್ಣನ ಮನೆಗೆ ಹೋದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ಜಗಳ ಮುಂದುವರಿಸಲು ಅಲ್ಲ, ಗಾಬರಿ ಬೇಡ. ಈ ಕಾಲದಲ್ಲಿ ಹೊಲಿಗೆ ಮೆಷಿನ್ ರಿಪೇರಿಗೆ ಯಾರು ಬರುತ್ತಾರೆ, ಅಂಗಡಿ ಮುಚ್ಚೋಣ ಅಂದಿರಿ, ನಾನು ಒಪ್ಪಲಿಲ್ಲ. ಆಮೇಲೆ ಏನಾಯಿತೆಂದು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ನನ್ನ ತಂಗಿ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟಳು, ಅವಳ ಕಸುಬೇ ಅದಲ್ಲವೇ. ಅವತ್ತೇ ಫೋನಿನಲ್ಲಿ ಅಂಗಡಿಯ ಹೆಸರು ಹಾಕಿ ಹುಡುಕಿದೆ. ಯಾರ್ಯಾರದೋ ಅಂಗಡಿ ಬಂತು, ನಮ್ಮದೊಂದು ಬಿಟ್ಟು. ತಂಗಿ ನಕ್ಕಳು. ಸರ್ಚ್ ಎಂಜಿನ್ ನಾವು ಕೇಳಿದಾಗ ಲೋಕವೆಲ್ಲ ಓಡಾಡಿ ಬರುವುದಿಲ್ಲವಂತೆ. ಅದರ ಪ್ರೋಗ್ರಾಮೊಂದು ಒಂದು ಪುಟದ ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗುತ್ತಾ, ಓದಿದ್ದನ್ನೆಲ್ಲ ಮೊದಲೇ ಇಂಡೆಕ್ಸಿಗೆ ಸೇರಿಸಿಕೊಂಡಿರುತ್ತದೆ. ದಪ್ಪ ಪುಸ್ತಕದ ಕೊನೆಗೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ ಇರುತ್ತದಲ್ಲ, ಹಾಗೆ. ನಮಗೆ ಉತ್ತರ ಬರುವುದು ಅಲ್ಲಿಂದ. ನಮ್ಮ ಕಡೆಗೆ ಒಂದೂ ಲಿಂಕ್ ಇಲ್ಲದ ಮೇಲೆ ಅದಕ್ಕೆ ದಾರಿ ತಿಳಿಯುವುದು ಹೇಗೆ? ಇಂತಿಂಥ ಪುಟಗಳಿವೆ ಬಾ ಎಂದು ತಂಗಿಯೇ ಅದಕ್ಕೆ ಪಟ್ಟಿ ಕಳಿಸಿದಳು.

ವಾರಗಳು ಕಳೆದರೂ ಸುಳಿವಿಲ್ಲ. ಕೊನೆಗೆ ನೋಡಿದರೆ, ಅರೆಬರೆ ಕೆಲಸ ಯಾರಿಗೂ ಕಾಣಬಾರದೆಂದು ‘ಇದನ್ನು ಇಂಡೆಕ್ಸಿಗೆ ಸೇರಿಸಬೇಡ’ ಎಂಬ ಸೂಚನೆಯನ್ನು ಅವಳೇ ಸೈಟಿನ ಒಳಗೆ ಹಾಕಿ ತೆಗೆಯಲು ಮರೆತಿದ್ದಳು. ಆ ಪ್ರೋಗ್ರಾಮು ಪಾಪ ಬಂದು, ಓದಿ, ಹೇಳಿದ ಮಾತು ಕೇಳಿ ಸುಮ್ಮನೆ ಹಿಂದಿರುಗುತ್ತಿತ್ತು. ಅಷ್ಟು ವಿಧೇಯರು ನಮ್ಮ ಮನೆಯಲ್ಲಿ ಯಾರಿದ್ದಾರೆ ಹೇಳಿ. ನಾಲಿಗೆ ಕಚ್ಚಿಕೊಂಡು ತೆಗೆದಳು. ಸ್ವಲ್ಪ ದಿನಕ್ಕೆ, ಹೆಸರು ಹಾಕಿದರೆ ನಾವು ಸಿಕ್ಕೆವು.

ಆದರೆ ನಮ್ಮ ಹೆಸರೇ ಗೊತ್ತಿಲ್ಲದವರಿಗೆ? ಬರೀ ‘ಹೊಲಿಗೆ ಮೆಷಿನ್ ರಿಪೇರಿ’ ಎಂದು ಹುಡುಕಿದರೆ ಎಲ್ಲೋ ಹಿಂದೆ ಮೂಲೆಯಲ್ಲಿದ್ದೆವು. ಯಾರು ಮುಂದೆ, ಯಾರು ಹಿಂದೆ ಎಂದು ಸರ್ಚ್ ಎಂಜಿನ್ ತೀರ್ಮಾನಿಸುವುದು ಹೇಗೆ ಎಂದು ತಂಗಿಯ ತಲೆ ತಿಂದೆ. ಕೇಳಿದ್ದಕ್ಕೆ ಪುಟದಲ್ಲಿ ಉತ್ತರವಿದೆಯೇ, ಬೇರೆಯವರು ಅದನ್ನು ನಂಬಿ ಲಿಂಕ್ ಕೊಟ್ಟಿದ್ದಾರೆಯೇ, ಇಂಥವು ಎಷ್ಟೋ ನೋಡುತ್ತದಂತೆ. ಪೂರ್ತಿ ಗುಟ್ಟು ಹೊರಗಿನವರಿಗೆ ತಿಳಿಯುವುದಿಲ್ಲವಂತೆ. ಆಮೇಲೆ ಅವಳೇ ಕೇಳಿದಳು, ಅಂಗಡಿಗೆ ಬರೋರು ಮೊದಲು ಏನಂತ ಹೇಳ್ತಾರಕ್ಕ ಎಂದು.

ಯಾರೂ ‘ಅತ್ಯುತ್ತಮ ಸೇವೆ’ ಬೇಕು ಅನ್ನುವುದಿಲ್ಲ. ಕೆಳಗಡೆ ದಾರ ಗಂಟಾಗ್ತಿದೆ ಅನ್ನುತ್ತಾರೆ. ನೀವು ಕನ್ನಡಕ ಹಣೆಗೇರಿಸಿ, ಗಂಟು ಕೆಳಗೆ, ತಪ್ಪು ಮೇಲೆ, ಬಟ್ಟೆ ಒತ್ತುವ ಪಾದ ಎತ್ತಿ ಮೇಲಿನ ದಾರ ಬಿಚ್ಚಿ ಮತ್ತೆ ಪೋಣಿಸಿ ಅನ್ನುತ್ತಿದ್ದಿರಲ್ಲ, ಅದನ್ನೇ ಚಿತ್ರ ಸಮೇತ ಸೈಟಿನಲ್ಲೊಂದು ಪುಟ ಮಾಡಿ ಬರೆದೆ. ಹೊಲಿಗೆ ಕಲಿಸುವ ಮೇಡಂ ಒಬ್ಬರು ಓದಿ, ತಮ್ಮ ತರಗತಿಯ ಸೈಟಿನಿಂದ ಲಿಂಕ್ ಕೊಟ್ಟರು. ಈಗ ದಾರ ಗಂಟಾಗುತ್ತದೆ ಎಂದು ಹುಡುಕಿ ನೋಡಿ, ಮೊದಲ ಪುಟದಲ್ಲೇ ಇದ್ದೇವೆ. ಬೆಂಚಿನ ಮೇಲೆ ಮೆಷಿನ್‌ಗಳು ಸಾಲಾಗಿ ಕೂತಿವೆ. ಒಂದರ ಕೆಳಗಿನ ದಾರದ ಶಟಲ್ ನನ್ನ ಕೈಗೆ ಬಗ್ಗುತ್ತಿಲ್ಲ.

ನೀವು ಹೇಳುವುದು ಸರಿಯೆಂದು ಸರ್ಚ್ ಎಂಜಿನ್‌ಗೆ ಹೇಗೆ ಗೊತ್ತಾಯಿತು ಎಂದು ತಂಗಿಯನ್ನು ಕೇಳಿದೆ. ಅದಕ್ಕೆ ಗೊತ್ತಿಲ್ಲವಂತೆ, ಬರೀ ಅಂದಾಜಂತೆ. ನನಗೆ ಗೊತ್ತಿತ್ತು.

ಇಂತಿ,
ಅಂಗಡಿ ಮುಚ್ಚದ ನಿಮ್ಮವಳು

ತಾ.ಕ.: ಗುರುತಿಲ್ಲದ ಹೆಂಗಸರು ನಿಮಗೆ ಫೋನ್ ಮಾಡಿ ದಾರದ ವಿಷಯ ಕೇಳುತ್ತಿದ್ದಾರೆಂದು ನಿಮ್ಮ ಅತ್ತಿಗೆ ಹೇಳಿದರು. ರಾಂಗ್ ನಂಬರ್ ಅನ್ನದೆ, ಊಟ ಆರುವವರೆಗೂ ಒಬ್ಬಾಕೆಗೆ ಬಿಡಿಸಿ ಹೇಳಿದಿರಂತೆ. ಆ ಪುಟದ ಕೆಳಗೆ ಇರುವುದು ನನ್ನ ನಂಬರ್ ಅಲ್ಲ, ನಿಮ್ಮದು. ಬೇಡವೆಂದರೆ ತೆಗೆಸುತ್ತೇನೆ. ಬಂದು ಹೇಳಿ.